ಫಿಲಿಪ್ ಸೀಮೋರ್ ಹಾಫ್‌ಮನ್ ಚಿತ್ರಗಳನ್ನು ನೋಡುವ ಕ್ರಮ: ನಟನೆಯ ಆಸಕ್ತರಿಗೆ ಸಮಗ್ರ ಮಾರ್ಗದರ್ಶಿ

ಬಹುಮುಖಿ ನಟ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ವೇಷ. ವಿಗ್ಗು, ಗಡ್ಡ, ಅಂಟಿಸಿದ ಮೂಗು, ಪಾತ್ರಕ್ಕಾಗಿ ಇಪ್ಪತ್ತು ಕಿಲೋ ಏರಿಸಿ ಇಳಿಸಿದ ಮೈ. ಅಮೆರಿಕದ ಫಿಲಿಪ್ ಸೀಮೋರ್ ಹಾಫ್‌ಮನ್ (1967–2014) ವಿಷಯದಲ್ಲಿ ಈ ಅಳತೆಗೋಲು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಚಿತ್ರದಿಂದ ಚಿತ್ರಕ್ಕೆ ಅದೇ ಕೆಂಚುಗೂದಲು, ಅದೇ ದಪ್ಪ ಮೈ, ಬೇಗ ಕೆಂಪಾಗುವ ಅದೇ ಮುಖ. ಆದರೂ ಒಂದು ಚಿತ್ರದ ಆಸಾಮಿ ಇನ್ನೊಂದರಲ್ಲಿ ಕಾಣುವುದಿಲ್ಲ. ಬದಲಾಗುವುದು ನಾಲ್ಕು ಸಂಗತಿ: ಉಸಿರು, ಮಾತಿನ ವೇಗ, ಮೈಭಾರ ನಿಂತ ಜಾಗ ಮತ್ತು ಎದುರಿನವರಿಂದ ಆ ಪಾತ್ರಕ್ಕೆ ಬೇಕಾಗಿರುವುದು. ಈ ನಾಲ್ಕನ್ನು ಕಣ್ಣು ಕಿವಿಗೆ ಹತ್ತಿಸಿಕೊಳ್ಳುವ ಕ್ರಮ ಇಲ್ಲಿದೆ. ಕ್ಯಾಮೆರಾ ಮುಂದೆ ನಿಲ್ಲಬೇಕೆಂದಿರುವವರಿಗೆ ಇದು ಪಾಠ, ನೋಡುವವರಿಗೆ ರುಚಿ.

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಫೇರ್‌ಪೋರ್ಟ್‌ನಲ್ಲಿ. ಶಾಲೆಯಲ್ಲಿ ಕುಸ್ತಿ ಆಡುತ್ತಿದ್ದ ಹುಡುಗ 14ನೇ ವಯಸ್ಸಿಗೆ ಕತ್ತಿಗೆ ಪೆಟ್ಟು ಮಾಡಿಕೊಂಡು ನಾಟಕದ ಕಡೆ ತಿರುಗಿದ. 1989ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟಿಶ್ ಶಾಲೆಯಿಂದ ನಾಟಕದ ಪದವಿ, 1991ರಲ್ಲಿ ಒಂದು ಟಿವಿ ಧಾರಾವಾಹಿಯ ಕಂತು, 1992ರಲ್ಲಿ ‘ಸೆಂಟ್ ಆಫ್ ಎ ವುಮನ್’ ಚಿತ್ರದ ಶ್ರೀಮಂತರ ಮಗ ಜಾರ್ಜ್. ಮುಂದೆ ನಾಲ್ಕು ಆಸ್ಕರ್ ನಾಮನಿರ್ದೇಶನ, ಅದರಲ್ಲಿ ಒಂದು ಗೆಲುವು. ರಂಗಭೂಮಿಯಲ್ಲಿ ಮೂರು ಟೋನಿ ನಾಮನಿರ್ದೇಶನ.

ಹಂತ 1: ನೋಡುವ ಏರ್ಪಾಡು

ಡಬ್ ಆದ ಪ್ರತಿ ಬೇಡವೇ ಬೇಡ. ಈ ನಟನ ಅರ್ಧ ಕೆಲಸ ಗಂಟಲಲ್ಲಿದೆ, ಡಬ್ಬಿಂಗ್‌ನಲ್ಲಿ ಮೊದಲು ಹೋಗುವುದೇ ಅದು. ಮೂಲ ಇಂಗ್ಲಿಷ್ ಧ್ವನಿ ಇರಲಿ, ಮೊದಲ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಎರಡನೇ ಸಲ ತೆಗೆಯಿರಿ. ಟಿವಿಯ ಸ್ಪೀಕರ್‌ಗಿಂತ ಸಾಧಾರಣ ಇಯರ್‌ಫೋನ್ ವಾಸಿ. ಮಾತಿನ ನಡುವೆ ಮೂಗಿನಿಂದ ಎಳೆದುಕೊಳ್ಳುವ ಉಸಿರು ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ.

ಹೊಸ ಟಿವಿಗಳಲ್ಲಿ ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಕಾರ್ಖಾನೆಯಿಂದಲೇ ಆನ್ ಆಗಿ ಬಂದಿರುತ್ತದೆ. ಪಿಕ್ಚರ್ ಮೆನುವಿಗೆ ಹೋಗಿ ಅದನ್ನು ಆಫ್ ಮಾಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಟಿವಿ ತನ್ನದೇ ಫ್ರೇಮುಗಳನ್ನು ಸೇರಿಸಿದರೆ ಎಲ್ಲವೂ ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ, ಮುಖದ ಸಣ್ಣ ಕಂಪನಗಳು ಎಣ್ಣೆ ಸವರಿದ ಹಾಗೆ ಜಾರಿಹೋಗುತ್ತವೆ.

ಇವುಗಳಲ್ಲಿ ಹೆಚ್ಚಿನವು ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳಲ್ಲ. ‘ಬೂಗಿ ನೈಟ್ಸ್’ ನೀಲಿಚಿತ್ರ ತಯಾರಕರ ಕಥೆ, ‘ಹ್ಯಾಪಿನೆಸ್’ ಅದಕ್ಕಿಂತ ಕಷ್ಟದ್ದು. ಟಿವಿ ವಾಹಿನಿಗಳು ಕತ್ತರಿಸಿ ತೋರಿಸುವ ಆವೃತ್ತಿಗಳಲ್ಲಿ ದೃಶ್ಯದ ಲಯ ಹರಿದಿರುತ್ತದೆ, ಕತ್ತರಿ ಬೀಳದ ಪ್ರತಿಯನ್ನೇ ಹುಡುಕಿ.

ವಾರಕ್ಕೆ ಎರಡು ಚಿತ್ರ ಸಾಕು, ಒಂದೇ ದಿನ ಎರಡು ಬೇಡ. ‘ಮ್ಯಾಗ್ನೋಲಿಯಾ’ ಒಂದಕ್ಕೇ ಮೂರು ಗಂಟೆ ಎಂಟು ನಿಮಿಷ ಬೇಕು, ಅದಕ್ಕೊಂದು ರಜಾದಿನ ಮೀಸಲಿಡಿ. ಬಿಡಿ ಬಿಡಿ ತುಣುಕುಗಳ ಮೂಲಕ ಈ ನಟನ ಪರಿಚಯ ಮಾಡಿಕೊಳ್ಳುವವರು ಬಹಳ. ಆ ತುಣುಕುಗಳಲ್ಲಿ ಮುಕ್ಕಾಲು ಪಾಲು ಕಿರುಚುವ ದೃಶ್ಯಗಳೇ. ಕಿರುಚುವ ಮೊದಲಿನ ನಲವತ್ತು ನಿಮಿಷ ಆತ ಹೇಗೆ ಅದುಮಿಟ್ಟುಕೊಂಡಿದ್ದ ಎಂಬುದು ತುಣುಕಿನಲ್ಲಿ ಬರುವುದಿಲ್ಲ. ಕೊನೆಗೆ ನಿಮಗೆ ಸಿಗುವುದು ಸದಾ ಕೂಗಾಡುವ ನಟ, ಅಂದರೆ ಹಾಫ್‌ಮನ್ ಅಲ್ಲದ ಇನ್ಯಾರೋ.

ಹಂತ 2: ಸಣ್ಣ ಪಾತ್ರಗಳಿಂದ ಶುರು ಮಾಡಿ

ಆಸ್ಕರ್ ಬಂದ ಚಿತ್ರದಿಂದ ಶುರು ಮಾಡಬೇಡಿ. ಆ ಧ್ವನಿ ಒಮ್ಮೆ ಕಿವಿಯಲ್ಲಿ ಕೂತರೆ ಮಿಕ್ಕೆಲ್ಲ ಪಾತ್ರಗಳನ್ನು ಅದರ ಪಕ್ಕದಲ್ಲಿಟ್ಟೇ ತೂಗುತ್ತೀರಿ. ಇಸವಿಯ ಕ್ರಮವೂ ಬೇಡ, ಮೊದಲ ನಾಲ್ಕೈದು ವರ್ಷದ ಚಿತ್ರಗಳಲ್ಲಿ ಅವರನ್ನು ಹುಡುಕುತ್ತ ಕೂರಬೇಕಾಗುತ್ತದೆ.

ಮೊದಲು ‘ಹಾರ್ಡ್ ಏಟ್’ (1996). ಪಾಲ್ ಥಾಮಸ್ ಆಂಡರ್ಸನ್ ಅವರ ಮೊದಲ ಚಿತ್ರ. ಹಾಫ್‌ಮನ್ ಇರುವುದು ಜೂಜುಮೇಜಿನ ಒಂದೇ ದೃಶ್ಯದಲ್ಲಿ. ದಾಳ ಎಸೆಯುತ್ತ, ಮೇಜಿನಾಚೆ ಸುಮ್ಮನೆ ನಿಂತಿರುವ ವಯಸ್ಸಾದ ಜೂಜುಗಾರನನ್ನು (ಫಿಲಿಪ್ ಬೇಕರ್ ಹಾಲ್) ಕೆಣಕುವ ಹುಡುಗ. ಆ ಕೆಲವೇ ನಿಮಿಷದಲ್ಲಿ ಮುದುಕನ ಸ್ವಭಾವವೂ ಗೊತ್ತಾಗುತ್ತದೆ, ಹುಡುಗನ ಪೊಳ್ಳುತನವೂ ಬಯಲಾಗುತ್ತದೆ. ಸಣ್ಣ ಪಾತ್ರದ ನಟ ಎದುರಿನ ನಟನಿಗೆ ಏನು ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗಲಿಕ್ಕಿಲ್ಲ.

ಎರಡನೆಯದು ‘ಬೂಗಿ ನೈಟ್ಸ್’ (1997). ಪಾತ್ರ ಸ್ಕಾಟಿ, ಚಿತ್ರೀಕರಣದಲ್ಲಿ ಮೈಕಿನ ಕೋಲು ಹಿಡಿಯುವವನು. ಅಂಗಿ ಒಂದು ಸೈಜು ಚಿಕ್ಕದು, ಹೊಟ್ಟೆ ಕೆಳಗಿನಿಂದ ಇಣುಕುತ್ತದೆ. ನಾಯಕ ಡರ್ಕ್ ಮೇಲೆ ಅವನಿಗೆ ಬಾಯಿಬಿಟ್ಟು ಹೇಳಲಾಗದ ಮೋಹ. ಹೊಸ ವರ್ಷದ ಪಾರ್ಟಿಯ ರಾತ್ರಿ ಡರ್ಕ್‌ನನ್ನು ಹೊರಗೆ ಕರೆದೊಯ್ದು ತನ್ನ ಹೊಸ ಕಾರು ತೋರಿಸುತ್ತಾನೆ. ಅವನು ಮೆಚ್ಚದಿದ್ದರೆ ವಾಪಸ್ ಕೊಟ್ಟುಬಿಡುವುದಕ್ಕೂ ತಯಾರು. ಮುತ್ತಿಡಲು ಹೋಗುತ್ತಾನೆ, ಡರ್ಕ್ ತಳ್ಳುತ್ತಾನೆ, ಸ್ಕಾಟಿ ಕ್ಷಮೆ ಕೇಳುತ್ತಾನೆ. ಡರ್ಕ್ ಒಳಗೆ ಹೋದ ಮೇಲೆ ಕಾರಿನಲ್ಲಿ ಒಬ್ಬನೇ ಕೂತು ತನ್ನನ್ನು ತಾನೇ ಮೂರ್ಖ ಎಂದು ಬೈದುಕೊಳ್ಳುತ್ತಾನೆ. ಒಂದು ಸಲವಲ್ಲ, ಮತ್ತೆ ಮತ್ತೆ. ಕಟ್ ಆಗಬೇಕಾದ ಜಾಗದಲ್ಲಿ ಕಟ್ ಆಗುವುದಿಲ್ಲ, ಬೈಗುಳ ಅಳುವಾಗುವವರೆಗೂ ಕ್ಯಾಮೆರಾ ಅಲ್ಲೇ ಇರುತ್ತದೆ.

ಈ ದೃಶ್ಯವನ್ನು ಮೂರು ಸಲ ನೋಡಿ.

ಮೊದಲ ಸಲ ಧ್ವನಿ ಬಂದ್. ಕೈಗಳನ್ನಷ್ಟೇ ಗಮನಿಸಿ. ಕಾರು ತೋರಿಸುವಾಗ ಸುಮ್ಮನಿರದ ಕೈ ತಳ್ಳಿಸಿಕೊಂಡ ಮೇಲೆ ಏನು ಮಾಡುತ್ತದೆ? ಮೈಭಾರ ಯಾವ ಕಾಲ ಮೇಲಿದೆ? ಈ ಹುಡುಗ ಎಲ್ಲೂ ಎರಡು ಕಾಲ ಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ.

ಎರಡನೇ ಸಲ ಪರದೆ ನೋಡದೆ ಧ್ವನಿ ಮಾತ್ರ. ಯಾವ ಪದದ ಮೊದಲು ಉಸಿರು ಎಳೆದುಕೊಂಡರು, ಯಾವ ವಾಕ್ಯ ಅರ್ಧಕ್ಕೇ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ.

ಮೂರನೇ ಸಲ ಎರಡೂ ಕೂಡಿಸಿ, ಆದರೆ ನೋಡುವುದು ಡರ್ಕ್ ಪಾತ್ರದ ಮಾರ್ಕ್ ವಾಲ್‌ಬರ್ಗ್ ಅವರನ್ನು. ಹಾಫ್‌ಮನ್ ಮಾಡಿದ್ದಕ್ಕೆ ಆ ಕಡೆ ಏನಾಗುತ್ತಿದೆ? ಈ ಮೂರನೇ ಸಲವನ್ನು ಹಾರಿಸುವವರೇ ಹೆಚ್ಚು. ಹಾರಿಸಿದರೆ ನಟನೆ ಒಬ್ಬರ ಮುಖದಲ್ಲಿ ನಡೆಯುವ ಸಂಗತಿ ಎಂಬ ತಪ್ಪು ತಿಳಿವಳಿಕೆ ಹಾಗೇ ಉಳಿದುಬಿಡುತ್ತದೆ.

ಮುಂದಿನ ಎಲ್ಲ ಚಿತ್ರಗಳಲ್ಲೂ ಒಂದೊಂದು ದೃಶ್ಯಕ್ಕೆ ಈ ಮೂರು ಸುತ್ತು. ಇಡೀ ಚಿತ್ರಕ್ಕೆ ಮಾಡಲು ಹೋದರೆ ಎರಡೇ ವಾರಕ್ಕೆ ಬೇಸರ ಬಂದು ಬಿಟ್ಟುಬಿಡುತ್ತೀರಿ.

ಮೂರನೆಯದು ‘ದ ಬಿಗ್ ಲೆಬೌಸ್ಕಿ’ (1998), ಶ್ರೀಮಂತನ ಆಪ್ತ ಸಹಾಯಕ ಬ್ರ್ಯಾಂಟ್. ಗೋಡೆ ಮೇಲಿನ ಫಲಕಗಳನ್ನು ತೋರಿಸುವ ಸಂಭ್ರಮ, ಯಜಮಾನನ ಹೆಂಡತಿ ನಾಚಿಕೆಗೆಟ್ಟ ಮಾತಾಡಿದಾಗ ಅದನ್ನು ಮುಚ್ಚಲು ಬರುವ ನಗು. ಆ ನಗುವನ್ನಷ್ಟೇ ಕೇಳಿದರೆ ಸಾಕು, ಈ ಮನುಷ್ಯನಿಗೆ ಸಂಬಳ ಕೊಡುವವರು ಯಾರೆಂದು ಗೊತ್ತಾಗುತ್ತದೆ.

ಹಂತ 3: ಜೋಡಿಯಾಗಿ ನೋಡಿ

ಒಂದೇ ತಿಂಗಳು, 1999ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ ಎರಡು ಚಿತ್ರ ತೆರೆಕಂಡವು. ‘ಮ್ಯಾಗ್ನೋಲಿಯಾ’ದಲ್ಲಿ ಹಾಫ್‌ಮನ್ ಸಾಯುತ್ತಿರುವ ಮುದುಕನ ಮನೆಯಲ್ಲಿ ಆರೈಕೆ ಮಾಡುವ ನರ್ಸ್ ಫಿಲ್. ‘ದ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ಯಲ್ಲಿ ಅಪ್ಪನ ದುಡ್ಡಿನಲ್ಲಿ ಇಟಲಿ ಸುತ್ತುವ ಫ್ರೆಡ್ಡಿ ಮೈಲ್ಸ್. ಎರಡನ್ನೂ ಒಂದೇ ವಾರ ನೋಡಿ. ಇಲ್ಲಿ ಗಮನಿಸಬೇಕಾದದ್ದು ಜಾಗ. ಫಿಲ್ ಕೋಣೆಯಲ್ಲಿ ಆದಷ್ಟು ಕಡಿಮೆ ಜಾಗ ತೆಗೆದುಕೊಳ್ಳುತ್ತಾನೆ, ಮಂಚದ ಅಂಚಿಗೆ ಕೂರುತ್ತಾನೆ. ಫ್ರೆಡ್ಡಿ ರೋಮಿನ ಮನೆಗೆ ಬಂದವನೇ ಯಾರನ್ನೂ ಕೇಳದೆ ಪಿಯಾನೋ ಕೀಲಿಗಳನ್ನು ಕುಟ್ಟುತ್ತಾನೆ, ಸಾಮಾನುಗಳನ್ನು ನೋಡಿ ಮೂಗು ಮುರಿಯುತ್ತಾನೆ. ಮನೆ ತನ್ನದಲ್ಲ, ಆದರೆ ಮೈಗೆ ಅದು ಗೊತ್ತಿಲ್ಲ. ಶ್ರೀಮಂತನ ಸೋಗು ಹಾಕಿದ ರಿಪ್ಲಿಯ ಸುಳ್ಳನ್ನು ಮೊದಲು ವಾಸನೆ ಹಿಡಿಯುವವನು ಇವನೇ ಏಕೆ ಎಂಬುದಕ್ಕೂ ಉತ್ತರ ಆ ಠೀವಿಯಲ್ಲಿದೆ: ಹುಟ್ಟಾ ಶ್ರೀಮಂತನಿಗೆ ನಕಲಿ ಶ್ರೀಮಂತ ಬೇಗ ಕಾಣುತ್ತಾನೆ.

ಎರಡನೇ ಗುಂಪು ಟೆಲಿಫೋನಿನದು. ಫೋನಿನ ದೃಶ್ಯ ನಟರಿಗೆ ಕಷ್ಟ, ಎದುರು ಕಣ್ಣು ಕೊಡಲು ಯಾರೂ ಇರುವುದಿಲ್ಲ. ‘ಮ್ಯಾಗ್ನೋಲಿಯಾ’ದಲ್ಲಿ ಮುದುಕನ ದೂರವಾದ ಮಗನನ್ನು ಹುಡುಕಲು ಫಿಲ್ ಅಂಗಡಿಗೆ ಫೋನ್ ಮಾಡುತ್ತಾನೆ. ಅವನಿಗೆ ಬೇಕಾಗಿರುವುದು ವಯಸ್ಕರ ಪತ್ರಿಕೆಗಳು, ಆ ಮಗನ ಜಾಹೀರಾತು ಬರುವುದು ಅಂಥವುಗಳಲ್ಲಿ. ಸಂಕೋಚಕ್ಕೆ ಮೊದಲು ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಸಿಗರೇಟು ಎಂದು ಪಟ್ಟಿ ಹೇಳುತ್ತಾನೆ. ‘ಆಲ್ಮೋಸ್ಟ್ ಫೇಮಸ್’ (2000) ಚಿತ್ರದಲ್ಲಿ ಸಂಗೀತ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಆಗಿ, ರಾತ್ರಿ ಹೊತ್ತು ದಿಕ್ಕೆಟ್ಟ ಹುಡುಗನಿಗೆ ಫೋನಿನಲ್ಲಿ ಧೈರ್ಯ ಹೇಳುತ್ತಾರೆ. ‘ಪಂಚ್-ಡ್ರಂಕ್ ಲವ್’ (2002) ಚಿತ್ರದಲ್ಲಿ ಹಾಸಿಗೆ ಅಂಗಡಿಯ ಮಾಲೀಕ, ಫೋನಿನ ಆ ತುದಿಯವನನ್ನು ಮಾತಾಡಲೇ ಬಿಡದೆ ಬಾಯಿ ಮುಚ್ಚು ಎಂದು ಅರಚುವವನು. ಈ ಮೂರು ಫೋನ್ ದೃಶ್ಯಗಳನ್ನಷ್ಟೇ ಒಂದೇ ಸಂಜೆ ಒಂದರ ಹಿಂದೆ ಒಂದು ಕೇಳಿ. ಒಬ್ಬ ಬೇಡುತ್ತಾನೆ, ಒಬ್ಬ ಕೊಡುತ್ತಾನೆ, ಒಬ್ಬ ಕಿತ್ತುಕೊಳ್ಳುತ್ತಾನೆ. ಮೂವರ ಕೈಯಲ್ಲೂ ಇರುವುದು ಒಂದು ಫೋನು, ಅಷ್ಟೇ.

ಹಂತ 4: ‘ಕಪೋಟಿ’

ಈಗ 2005ರ ‘ಕಪೋಟಿ’ಗೆ ಬನ್ನಿ. 1959ರಲ್ಲಿ ಕಾನ್ಸಾಸ್‌ನ ಹೋಲ್ಕಂಬ್ ಊರಿನಲ್ಲಿ ಒಂದು ಕುಟುಂಬದ ಕೊಲೆಯಾಗುತ್ತದೆ. ಅದರ ಬಗ್ಗೆ ಬರೆಯಲು ಹೋದ ಲೇಖಕ ಟ್ರೂಮನ್ ಕಪೋಟಿಯ ಕಥೆ ಇದು. ನಿರ್ದೇಶನ ಬೆನೆಟ್ ಮಿಲ್ಲರ್. ಹಾಫ್‌ಮನ್‌ಗೆ ಆಸ್ಕರ್ ತಂದದ್ದು ಇದೇ.

ನೋಡುವ ಮೊದಲು ನಿಜವಾದ ಕಪೋಟಿಯ ಹಳೆಯ ಟಿವಿ ಸಂದರ್ಶನ ಒಂದನ್ನು ಹತ್ತು ನಿಮಿಷ ಕೇಳಿ, ಅಂತರ್ಜಾಲದಲ್ಲಿ ಸಿಗುತ್ತವೆ. ಸುಮಾರು 5 ಅಡಿ 3 ಇಂಚಿನ ಸಣ್ಣ ಆಳು, ಮಗುವಿನಂಥ ತೆಳು ದನಿ. ಹಾಫ್‌ಮನ್ ಅವರಿಗಿಂತ ಅರ್ಧ ಅಡಿಯಷ್ಟು ಎತ್ತರ. ಪಾತ್ರಕ್ಕಾಗಿ ತೂಕ ಇಳಿಸಿದ್ದರು, ನಿಜ. ಆದರೆ ಎತ್ತರ ಇಳಿಸಲಾಗದು. ಅದನ್ನು ಕತ್ತಿನ ಕೋನದಲ್ಲಿ, ಮೈಗೆ ಅಂಟಿಸಿಕೊಂಡ ಮೊಣಕೈಗಳಲ್ಲಿ ಸರಿದೂಗಿಸುವುದನ್ನು ನೋಡಿ.

ಬಹುತೇಕರು ಧ್ವನಿಯ ಅನುಕರಣೆಯನ್ನು ಹೊಗಳಿ ಅಲ್ಲಿಗೇ ನಿಲ್ಲುತ್ತಾರೆ. ಅನುಕರಣೆ ಮಿಮಿಕ್ರಿ ಕಲಾವಿದರಿಗೂ ಬರುತ್ತದೆ. ಇಲ್ಲಿ ಹಿಡಿಯಬೇಕಾದ್ದು ಆ ಧ್ವನಿಯನ್ನು ಪಾತ್ರ ಯಾವುದಕ್ಕೆ ಬಳಸುತ್ತದೆ ಎಂಬುದನ್ನು. ರೈಲಿನಲ್ಲಿ ಪೋರ್ಟರ್ ಬಂದು ಕಪೋಟಿಯ ಬರವಣಿಗೆಯನ್ನು ಹೊಗಳುತ್ತಾನೆ. ಹಾಗೆ ಹೊಗಳಲು ದುಡ್ಡು ಕೊಟ್ಟವನು ಕಪೋಟಿಯೇ ಎಂದು ಜೊತೆಗಿದ್ದ ಲೇಖಕಿ ಗೆಳತಿ ಹಾರ್ಪರ್ ಲೀ (ಕ್ಯಾಥರೀನ್ ಕೀನರ್) ಕಂಡುಹಿಡಿಯುತ್ತಾಳೆ. ಮುಂದೊಮ್ಮೆ ಸತ್ತ ಹುಡುಗಿಯ ಗೆಳತಿಯ ಎದುರು ಕೂತು, ಜನ ತನ್ನನ್ನು ಬೇರೆ ಥರ ನೋಡುತ್ತ ಬಂದದ್ದನ್ನು ಹೇಳಿಕೊಳ್ಳುತ್ತಾನೆ. ಆ ಮಾತು ನಿಜವೂ ಹೌದು, ಬಲೆಯೂ ಹೌದು. ಎರಡನ್ನೂ ಒಂದೇ ಸ್ವರದಲ್ಲಿ ಹೇಳುವುದು ಇಡೀ ಚಿತ್ರದ ಕೀಲಿ. ಇದನ್ನು ಹಿಡಿದರೆ ಜೈಲಿನ ದೃಶ್ಯಗಳಲ್ಲಿ ಕೊಲೆಗಾರರಲ್ಲೊಬ್ಬನಾದ ಕೈದಿ ಪೆರಿ ಏಕೆ ನಂಬಿದ, ನಾವೂ ಏಕೆ ಅರ್ಧ ನಂಬಿದೆವು ಎಂದು ತಿಳಿಯುತ್ತದೆ.

ಆಮೇಲೆ ‘ಇನ್‌ಫೇಮಸ್’ (2006) ನೋಡಿ. ಅದೇ ಲೇಖಕ, ಅದೇ ಕೊಲೆ, ಅದೇ ವರ್ಷಗಳು. ಪಾತ್ರದಲ್ಲಿ ಟೋಬಿ ಜೋನ್ಸ್, ಎತ್ತರದಲ್ಲೂ ಚಹರೆಯಲ್ಲೂ ಕಪೋಟಿಗೆ ಬಹಳ ಹತ್ತಿರ. ಯಾರು ಹೆಚ್ಚು ಎಂಬ ಪಂಚಾಯಿತಿ ಬೇಡ. ರೂಪಸಾಮ್ಯ ತಾನಾಗಿಯೇ ಇರುವ ನಟ ಯಾವುದಕ್ಕೆ ಶ್ರಮ ಹಾಕುತ್ತಾರೆ, ಅದಿಲ್ಲದವರು ಯಾವುದಕ್ಕೆ ಹಾಕುತ್ತಾರೆ, ಅಷ್ಟನ್ನು ಬರೆದುಕೊಳ್ಳಿ.

ಹಂತ 5: ಸಿಟ್ಟಿನ ಬಗೆಗಳು

2006–07ರ ನಾಲ್ಕು ಚಿತ್ರಗಳಲ್ಲಿ ನಾಲ್ಕು ಬಗೆಯ ಸಿಟ್ಟಿದೆ. ನಟನೆ ಕಲಿಯುವವರು ಅತಿಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ.

‘ಮಿಷನ್: ಇಂಪಾಸಿಬಲ್ 3’ರ ಖಳ ಒವೆನ್ ಡೇವಿಯನ್. ವಿಮಾನದಲ್ಲಿ ಅವನನ್ನು ಕಟ್ಟಿ ಕೂರಿಸಿದ್ದಾರೆ. ನಿನಗೆ ಹೆಂಡತಿ ಇದ್ದಾಳಾ, ಗೆಳತಿ ಇದ್ದಾಳಾ ಎಂದು ಕೇಳುತ್ತಾನೆ. ದನಿ ಏರುವುದಿಲ್ಲ, ಗುಮಾಸ್ತ ಅರ್ಜಿ ತುಂಬಿಸುವಾಗ ಕೇಳುವ ವೇಗ. ಹೆದರಿಸಲು ಪ್ರಯತ್ನಿಸದಿರುವುದೇ ಹೆದರಿಕೆ. ಇದೇ ಚಿತ್ರದಲ್ಲಿ ಇನ್ನೊಂದು ಚಮತ್ಕಾರವಿದೆ: ವ್ಯಾಟಿಕನ್ ಭಾಗದಲ್ಲಿ ಟಾಮ್ ಕ್ರೂಸ್‌ನ ಪಾತ್ರ ಡೇವಿಯನ್‌ನ ಮುಖವಾಡ ಹಾಕಿಕೊಳ್ಳುತ್ತದೆ. ಅಂದರೆ ಕೆಲ ನಿಮಿಷ ಹಾಫ್‌ಮನ್ ಮುಖದಲ್ಲಿ ಕ್ರೂಸ್ ನಡೆಯಬೇಕು. ಆ ನಿಮಿಷಗಳ ನಡಿಗೆಯನ್ನು ಧ್ವನಿಯಿಲ್ಲದೆ ನೋಡಿ.

‘ಚಾರ್ಲಿ ವಿಲ್ಸನ್ಸ್ ವಾರ್’ (2007): ಸಿಐಎ ನೌಕರ ಗಸ್ಟ್, ಗ್ರೀಕ್ ಮೂಲದವನು, ಬಡ್ತಿ ತಪ್ಪಿದವನು. ಪರಿಚಯದ ದೃಶ್ಯದಲ್ಲಿ ಮೇಲಧಿಕಾರಿಯ ಕೋಣೆಯ ಕಿಟಕಿಗೆ ಗಾಜು ಹಾಕುತ್ತಿದ್ದಾರೆ, ಒಡೆದವನು ಇವನೇ. ಜಗಳ ಮುಗಿಸಿ ಹೊರಟವನು, ರಿಪೇರಿಯವನ ಕೈಯಿಂದ ಉಪಕರಣ ಇಸಿದುಕೊಂಡು ಅದೇ ಗಾಜನ್ನು ಮತ್ತೆ ಒಡೆಯುತ್ತಾನೆ. ಕೇಳಿ ಇಸಿದುಕೊಳ್ಳುವ ಆ ಸೌಜನ್ಯದಲ್ಲಿ ನಗು ಇದೆ. ಮೇಲೆ ಆರನ್ ಸಾರ್ಕಿನ್ ಬರೆದ ಗಡಿಬಿಡಿ ಸಂಭಾಷಣೆ, ಇವರು ಅದನ್ನು ಹೇಳುವುದು ಬೇಸತ್ತವನ ಹಾಗೆ. ಸಿಟ್ಟಿನ ದೃಶ್ಯದಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಎಲ್ಲ ಸಾಲನ್ನೂ ಒಂದೇ ಏರಿನಲ್ಲಿ ಹೇಳುವುದು. ಗಸ್ಟ್ ನಡುನಡುವೆ ಇಳಿದು ಬಿಡುತ್ತಾನೆ, ಅದಕ್ಕೇ ಮುಂದಿನ ಏರು ನಾಟುತ್ತದೆ.

‘ಬಿಫೋರ್ ದ ಡೆವಿಲ್ ನೋಸ್ ಯು ಆರ್ ಡೆಡ್’ ಸಿಡ್ನಿ ಲುಮೆಟ್ ಅವರ ಕೊನೆಯ ಚಿತ್ರ. ಹಾಫ್‌ಮನ್ ಮಾಡಿದ ಆ್ಯಂಡಿ ತನ್ನ ಮನೆಯನ್ನು ತಾನೇ ಹಾಳುಮಾಡುವ ದೃಶ್ಯ ಬರುತ್ತದೆ. ಬೇರೆ ನಟರಾಗಿದ್ದರೆ ಸಾಮಾನು ಎಸೆಯುತ್ತಿದ್ದರು. ಇಲ್ಲಿ ಹಾಸಿಗೆಯ ಬಟ್ಟೆ ಎಳೆದು ಹಾಕುವುದೂ ನಿಧಾನ, ಬಟ್ಟಲಲ್ಲಿದ್ದ ಅಲಂಕಾರದ ಕಲ್ಲುಗಳನ್ನು ಮೇಜಿನ ಮೇಲೆ ಸುರಿಯುವುದೂ ನಿಧಾನ. ಸಿಟ್ಟು ಎಷ್ಟು ದೊಡ್ಡದೋ ವೇಗ ಅಷ್ಟು ಕಡಿಮೆ.

‘ದ ಸ್ಯಾವೇಜಸ್’ನಲ್ಲಿ ಬಫೆಲೋ ನಗರದ ನಾಟಕ ಪ್ರಾಧ್ಯಾಪಕ, ಬುದ್ಧಿ ಮಂಕಾದ ಅಪ್ಪನನ್ನು ವೃದ್ಧಾಶ್ರಮಕ್ಕೆ ಸೇರಿಸುವ ಅಣ್ಣ. ತಂಗಿಯ (ಲಾರಾ ಲಿನ್ನಿ) ಮೇಲೆ ಪಾರ್ಕಿಂಗ್ ಜಾಗದಲ್ಲಿ ರೇಗುತ್ತಾನೆ, ರೇಗುವುದು ಪಾಪಪ್ರಜ್ಞೆಗೆ. ಇನ್ನೊಂದು ಕಡೆ ಟೆನಿಸ್ ಆಡಿ ಕತ್ತು ಹಿಡಿದು, ಬಾಗಿಲಿಗೆ ನೇತುಹಾಕಿದ ಪಟ್ಟಿಯಲ್ಲಿ ತಲೆ ಸಿಕ್ಕಿಸಿಕೊಂಡು ಗಂಭೀರ ಮಾತಾಡಬೇಕು. ನಗಿಸಲು ಒಂದಿಷ್ಟೂ ಪ್ರಯತ್ನಿಸುವುದಿಲ್ಲ, ನಗು ಬರುವುದು ಅದಕ್ಕೇ.

ಹಂತ 6: ಸರಿಸಮನಾದ ಎದುರಾಳಿ

‘ಡೌಟ್’ (2008) ಮತ್ತು ‘ದ ಮಾಸ್ಟರ್’ (2012). ಮೊದಲನೆಯದರಲ್ಲಿ 1964ರ ಬ್ರಾಂಕ್ಸ್‌ನ ಚರ್ಚ್ ಶಾಲೆ, ಎದುರಿಗೆ ಮೆರಿಲ್ ಸ್ಟ್ರೀಪ್. ಪ್ರಾಂಶುಪಾಲೆಯ ಕೋಣೆಗೆ ಬಂದ ಪಾದ್ರಿ ಫ್ಲಿನ್ ಹೋಗಿ ಅವಳ ಕುರ್ಚಿಯಲ್ಲೇ ಕೂರುತ್ತಾನೆ, ಚಹಕ್ಕೆ ಮೂರು ಸಕ್ಕರೆ ಉಂಡೆ ಕೇಳುತ್ತಾನೆ. ಇನ್ನೂ ಆರೋಪವೇ ಬಂದಿಲ್ಲ, ಯುದ್ಧ ಆಗಲೇ ಶುರು. ಪಾದ್ರಿ ತಪ್ಪಿತಸ್ಥನೋ ಅಲ್ಲವೋ ಎಂದು ಒಮ್ಮೆ ಹೌದೆಂದು ನಂಬಿ ನೋಡಿ, ಮತ್ತೊಮ್ಮೆ ಅಲ್ಲವೆಂದು ನಂಬಿ ನೋಡಿ. ಎರಡು ಸಲವೂ ಒಂದು ನೋಟವೂ ಸುಳ್ಳೆನಿಸುವುದಿಲ್ಲ.

‘ದ ಮಾಸ್ಟರ್’ನಲ್ಲಿ ಲ್ಯಾಂಕಾಸ್ಟರ್ ಡಾಡ್, ಹೊಸ ಪಂಥವೊಂದರ ಗುರು, ಎದುರಿಗೆ ವಾಕಿನ್ ಫೀನಿಕ್ಸ್. ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಹಡಗಿನಲ್ಲಿ ಗುರು ಶಿಷ್ಯನಿಗೆ ಪ್ರಶ್ನೆ ಕೇಳುತ್ತಾನೆ. ಷರತ್ತು: ಕಣ್ಣು ಮಿಟುಕಿಸಬಾರದು, ಮಿಟುಕಿಸಿದರೆ ಮೊದಲಿಂದ ಶುರು. ಎಲ್ಲರ ಕಣ್ಣೂ ಫೀನಿಕ್ಸ್ ಮೇಲಿರುತ್ತದೆ. ಹಾಫ್‌ಮನ್ ಪ್ರಶ್ನೆಗಳ ನಡುವೆ ಬಿಡುವ ಅಂತರವನ್ನು ಅಳೆಯಿರಿ. ಅದು ಕಿರಿದಾಗುತ್ತ, ಒಮ್ಮೆ ಹಿಗ್ಗುತ್ತ, ಮತ್ತೆ ಕಿರಿದಾಗುತ್ತ ಹೋಗುತ್ತದೆ, ದೃಶ್ಯದ ತಾಳ ಅವರ ಕೈಯಲ್ಲಿದೆ. ಜೈಲಿನ ದೃಶ್ಯದಲ್ಲಿ ಒಂದೇ ಚೌಕಟ್ಟಿನಲ್ಲಿ ಎರಡು ಕೋಣೆ: ಒಂದರಲ್ಲಿ ಫೀನಿಕ್ಸ್ ಎಲ್ಲವನ್ನೂ ಒಡೆಯುತ್ತಿದ್ದಾನೆ, ಇನ್ನೊಂದರಲ್ಲಿ ಡಾಡ್ ನಿಂತೇ ಇದ್ದಾನೆ. ಎಷ್ಟು ಹೊತ್ತು ನಿಲ್ಲುತ್ತಾನೆ, ಯಾವ ಕ್ಷಣದಲ್ಲಿ ತಾನೂ ಕೂಗುತ್ತಾನೆ? ಈ ಚಿತ್ರಕ್ಕೆ ಸಾಧ್ಯವಿದ್ದಷ್ಟು ದೊಡ್ಡ ಪರದೆ ಬಳಸಿ, ಬಹುಪಾಲು ಚಿತ್ರೀಕರಣ 65 ಮಿಲಿಮೀಟರ್ ಫಿಲ್ಮಿನಲ್ಲಿ ಆದದ್ದು.

ಹಂತ 7: ರಂಗಭೂಮಿಯ ಬಾಕಿ

ಸಿನಿಮಾ ಮಾತ್ರ ನೋಡಿದರೆ ಲೆಕ್ಕ ಅರ್ಧ. ನ್ಯೂಯಾರ್ಕಿನ ಲ್ಯಾಬಿರಿಂತ್ ನಾಟಕ ತಂಡವನ್ನು ಜಾನ್ ಓರ್ಟಿಜ್ ಜೊತೆ ನಡೆಸಿದರು, ನಾಟಕಗಳನ್ನು ನಿರ್ದೇಶಿಸಿದರು. 2000ದಲ್ಲಿ ಸ್ಯಾಮ್ ಶೆಪರ್ಡ್ ಅವರ ‘ಟ್ರೂ ವೆಸ್ಟ್’ ನಾಟಕದಲ್ಲಿ ಜಾನ್ ಸಿ. ರೈಲಿ ಜೊತೆ ಅಣ್ಣ ತಮ್ಮಂದಿರ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತ ಆಡಿದರು. 2012ರಲ್ಲಿ ಮೈಕ್ ನಿಕಲ್ಸ್ ನಿರ್ದೇಶನದಲ್ಲಿ ‘ಡೆತ್ ಆಫ್ ಎ ಸೇಲ್ಸ್‌ಮನ್’ನ ವಿಲ್ಲಿ ಲೋಮನ್. ಪಾತ್ರಕ್ಕೆ ಅರವತ್ತು ದಾಟಿದೆ, ನಟನಿಗೆ 44.

ಪ್ರದರ್ಶನ ಈಗ ಮನೆಯಲ್ಲಿ ಕೂತು ನೋಡಲು ಸಿಗದು, ಪಠ್ಯ ಸಿಗುತ್ತದೆ. ‘ಟ್ರೂ ವೆಸ್ಟ್’ ತಂದು ಗೆಳೆಯರೊಬ್ಬರ ಜೊತೆ ಮೊದಲ ಅಂಕ ಗಟ್ಟಿಯಾಗಿ ಓದಿ, ಮರುದಿನ ಪಾತ್ರ ಬದಲಿಸಿ ಓದಿ. ನಿನ್ನೆ ನೀವು ಆಡಿದ ಮಾತು ಇಂದು ಎದುರಿನಿಂದ ಬಂದಾಗ ಅದರ ಬೇರೆ ಅರ್ಥ ತೆರೆದುಕೊಳ್ಳುತ್ತದೆ. ತಂಡವಿದ್ದರೆ ಇದಕ್ಕಿಂತ ಅಗ್ಗದ ಅಭ್ಯಾಸ ಇಲ್ಲ.

ಹಂತ 8: ಕೊನೆಯ ವರ್ಷಗಳು, ಒಂದು ಎಚ್ಚರಿಕೆ

‘ಸಿನೆಕ್ಡಕಿ, ನ್ಯೂಯಾರ್ಕ್’ (2008) ಚಿತ್ರವನ್ನು ಇಲ್ಲಿಯವರೆಗೆ ಮುಂದೂಡಿ. ಗೋದಾಮಿನೊಳಗೆ ತನ್ನ ಊರನ್ನೇ ಕಟ್ಟುತ್ತ ದಶಕಗಳು ಕಳೆಯುವ ನಾಟಕ ನಿರ್ದೇಶಕ, ವಯಸ್ಸಿಗೆ ಮೇಕಪ್ಪೂ ಇದೆ. ಮೊದಲೇ ನೋಡಿದರೆ ಕಥೆಯ ಗೋಜಲಿನಲ್ಲಿ ನಟ ಕಳೆದುಹೋಗುತ್ತಾರೆ. ‘ಎ ಮೋಸ್ಟ್ ವಾಂಟೆಡ್ ಮ್ಯಾನ್’ (2014) ಹ್ಯಾಂಬರ್ಗ್‌ನ ಗೂಢಚಾರನ ಕಥೆ, ಜರ್ಮನ್ ಛಾಯೆಯ ಇಂಗ್ಲಿಷ್, ಸಿಗರೇಟು, ಏದುಸಿರು.

ಎಡವುವುದು ಇಲ್ಲೇ. 2014ರ ಫೆಬ್ರವರಿ 2ರಂದು, 46ನೇ ವಯಸ್ಸಿನಲ್ಲಿ, ಮಾದಕ ವಸ್ತುಗಳ ಮಿಶ್ರಣದಿಂದ ಅವರು ತೀರಿಕೊಂಡರು. ಅದು ಗೊತ್ತಿರುವ ಪ್ರೇಕ್ಷಕರು ಆ ಏದುಸಿರನ್ನು ನಟನದೆಂದು ಓದಿಬಿಡುತ್ತಾರೆ. ಅದೇ ವರ್ಷಗಳ ‘ಹಂಗರ್ ಗೇಮ್ಸ್’ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ, ಅವರ ಪಾತ್ರ ಪ್ಲುಟಾರ್ಕ್ ಅಲ್ಲಿ ಸಲೀಸಾಗಿ ಉಸಿರಾಡುತ್ತಾನೆ. ಏದುಸಿರು ಗೂಢಚಾರನದು. ಆ ಸರಣಿಯ ಕೊನೆಯ ಭಾಗದಲ್ಲಿ ಅವರು ಆಡಬೇಕಿದ್ದ ಮಾತನ್ನು ಪತ್ರವಾಗಿಸಿ ವುಡಿ ಹ್ಯಾರೆಲ್ಸನ್ ಅವರಿಂದ ಓದಿಸಿದ್ದಾರೆ.

ಉಳಿದ ಚಿತ್ರಗಳಲ್ಲಿ ಸಮಯವಿದ್ದರೆ ‘ಟ್ವೆಂಟಿ ಫಿಫ್ತ್ ಅವರ್’, ‘ಲವ್ ಲೀಝಾ’, ಅವರೇ ನಿರ್ದೇಶಿಸಿದ ‘ಜ್ಯಾಕ್ ಗೋಸ್ ಬೋಟಿಂಗ್’ ನೋಡಿ. ‘ಅಲಾಂಗ್ ಕೇಮ್ ಪಾಲಿ’ (2004) ಚಿತ್ರವನ್ನು ವಿಮರ್ಶಕರ ಮಾತು ಕೇಳಿ ಬಿಡಬೇಡಿ. ಬಾಲನಟನಾಗಿ ಹೆಸರು ಮಾಡಿ ಮರೆತುಹೋದವನೊಬ್ಬ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಪ್ರತಿ ಎಸೆತಕ್ಕೂ ಮಳೆ ಸುರಿಯಲಿ ಎಂಬಂತೆ ಅಬ್ಬರಿಸುತ್ತಾನೆ, ಒಂದು ಚೆಂಡೂ ಬುಟ್ಟಿಗೆ ಬೀಳುವುದಿಲ್ಲ, ಅವನ ಆತ್ಮವಿಶ್ವಾಸಕ್ಕೆ ಕೂದಲೂ ಕೊಂಕುವುದಿಲ್ಲ. ಮರುವರ್ಷ ಬಂದದ್ದು ‘ಕಪೋಟಿ’.